ಗಾಡಿ ಮುಂದೆ, ಸೈಕಲ್ ಹಿಂದೆ: ಬೀದರಿನಿಂದ ಆನೆಗೊಂದಿಗೆ ನಾಲ್ಕು ದಿನ

ಕಳೆದ ಚಳಿಗಾಲದಲ್ಲಿ ಕಲಬುರಗಿಯ ನಾವು ಏಳು ಮಂದಿ ಗೆಳೆಯರು ಬೀದರಿನಿಂದ ಆನೆಗೊಂದಿಯವರೆಗಿನ ದಾರಿಯನ್ನು, ಅಂದಾಜು 380 ಕಿಲೋಮೀಟರು, ನಾಲ್ಕು ದಿನಗಳಲ್ಲಿ ಸೈಕಲ್ ಮೇಲೆ ಮುಗಿಸಿದೆವು. ನೆರವಿಗೆಂದು ಜೊತೆಗಿದ್ದ ಬಾಡಿಗೆ ಗಾಡಿಯನ್ನು ಒಬ್ಬರೂ ಹತ್ತಲಿಲ್ಲ. ಅದಕ್ಕೂ ಮುಂಚೆ ಎರಡು ಬಾರಿ ಹೊರಟು, ಎರಡು ಬಾರಿಯೂ ಸೈಕಲ್‌ಗಳನ್ನು ಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದವರು ನಾವು.

ಮೊದಲ ಸಲ ಜುಲೈ ತಿಂಗಳಿನಲ್ಲಿ ವಿಜಯಪುರದ ಕಡೆಗೆ ಹೊರಟಿದ್ದೆವು. ಆಷಾಢದ ಗಾಳಿ ಪಡುವಣದಿಂದ ಎದೆಗೇ ಹೊಡೆಯುವಾಗ ಪಡುವಣಕ್ಕೇ ಮುಖ ಮಾಡಿ ಹೊರಟದ್ದು ಶುದ್ಧ ದಡ್ಡತನ. ಗಂಟೆಗೆ ಹನ್ನೊಂದು ಕಿಲೋಮೀಟರಿಗಿಂತ ಹೆಚ್ಚು ವೇಗ ಬರಲಿಲ್ಲ. ಜೇವರ್ಗಿ ದಾಟಿದ ಮೇಲೆ ಒಳದಾರಿ ಹಿಡಿದು ಎರೆ ಮಣ್ಣಿನಲ್ಲಿ ಸಿಕ್ಕಿಕೊಂಡೆವು. ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಮುದ್ದೆಯಂತೆ ಕೂತು, ಚಕ್ರ ತಿರುಗುವುದೇ ನಿಂತಿತು. ಅಡುಗೆಯ ಕಾಕಾ ಕೊಟ್ಟ ಸೌಟಿನ ಹಿಡಿಯಿಂದ ಅದನ್ನು ಕೆರೆದು ತೆಗೆಯುವುದರಲ್ಲೇ ಎರಡು ಗಂಟೆ ಹೋಯಿತು. ಸಿಂದಗಿ ತಲುಪುವ ಹೊತ್ತಿಗೆ ನಾಲ್ಕು ಸೈಕಲ್‌ಗಳು ಗಾಡಿಯ ಮೇಲಿದ್ದವು, ಹದಿನಾಲ್ಕು ಸಾವಿರ ರೂಪಾಯಿ ನೀರಿನಲ್ಲಿ ಹೋಮವಾಗಿತ್ತು. ಎರಡನೆಯ ಸಲ, ಮಾರ್ಚ್ ಕೊನೆಯಲ್ಲಿ, ಬಿಸಿಲು ನಮ್ಮನ್ನು ಹುಮನಾಬಾದಿನಲ್ಲೇ ತಡೆಯಿತು.

ಗಾಳಿ, ಬಿಸಿಲುಗಳನ್ನು ಬೈಯುವುದು ಸುಲಭ. ಆದರೆ ಎರಡೂ ಸಲ ನಮ್ಮನ್ನು ಸೋಲಿಸಿದ್ದು ಬೆನ್ನ ಹಿಂದೆಯೇ ಬರುತ್ತಿದ್ದ ಗಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದೆ ನೆರಳು, ನೀರು, ಮೆತ್ತನೆಯ ಸೀಟು ಇವೆ ಎಂದು ಗೊತ್ತಿದ್ದರೆ ಕಾಲು ತಾನಾಗಿಯೇ ಸೋಲುತ್ತದೆ. ಇನ್ನು ಚಾಲಕನಿಗೆ ದಿನವಿಡೀ ಎರಡನೆಯ ಗೇರಿನಲ್ಲಿ ತೆವಳುವ ಶಿಕ್ಷೆ, ಹಿಂದಿನ ಲಾರಿಗಳ ಹಾರ್ನು, ಡೀಸೆಲ್ಲಿನ ದಂಡ. ಆದ್ದರಿಂದ ಈ ಬಾರಿ ಗಾಡಿ ಇಪ್ಪತ್ತೆರಡು ಕಿಲೋಮೀಟರ್ ಮುಂದೆ ಹೋಗಿ ನಿಂತಿರಬೇಕು, ನಾವೆಲ್ಲರೂ ಅಲ್ಲಿಗೆ ಬಂದು ಮುಟ್ಟುವವರೆಗೆ ಅಲ್ಲಾಡಬಾರದು ಎಂದು ನಾನು ಪಟ್ಟು ಹಿಡಿದೆ. ಗೆಳೆಯರು ನಕ್ಕರು. ಚಾಲಕನಂತೂ, “ಸರ್, ನಡುದಾರಿನಾಗ ಯಾರರ ಬಿದ್ರ ಎತ್ತೋರು ಯಾರ್ರೀ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಪಂಪು, ಮೂರು ಟ್ಯೂಬು, ಬ್ಯಾಂಡೇಜು, ತುಂಬಿ ಚಾರ್ಜಾದ ಫೋನು ಇವಿಷ್ಟನ್ನೂ ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗನ ಬೆನ್ನಿಗೆ ಕಟ್ಟಿ, ಅವನು ಯಾವ ಕಾರಣಕ್ಕೂ ಯಾರನ್ನೂ ಹಿಂದೆ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದೆವು. ಅವನಿಗೆ ‘ಬಾಲ’ ಎಂಬ ಹೆಸರು ಇನ್ನೂ ಉಳಿದಿದೆ.

ಇಪ್ಪತ್ತೆರಡು ಎಂಬ ಲೆಕ್ಕ ಎರಡು ಬಾಟಲಿ ನೀರಿನ ಲೆಕ್ಕ. ಮೂರನೆಯ ದಿನ ಸುರಪುರ ದಾಟಿದ ಮೇಲೆ, ಹುಮ್ಮಸ್ಸಿನಲ್ಲಿ ಅದನ್ನು ಮೂವತ್ತಕ್ಕೆ ಏರಿಸಿ ನೋಡಿದೆ. ತಿಂಥಣಿಯ ಕೃಷ್ಣಾ ಸೇತುವೆ ದಾಟುವಾಗಲೇ ಇಬ್ಬರ ಬಾಟಲಿ ಖಾಲಿಯಾಗಿದ್ದವು, ಕಣ್ಣೆದುರೇ ಹೊಳೆ ಹರಿಯುತ್ತಿದ್ದರೂ ಗುಟುಕು ನೀರಿಲ್ಲದೆ ಅವರು ನನಗೆ ಕೇಳಿಸುವಂತೆಯೇ ಬೈದರು. ಮರುದಿನದಿಂದ ಮತ್ತೆ ಇಪ್ಪತ್ತೆರಡು.

ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಈಶಾನ್ಯದಿಂದ ಬೀಸುವುದರಿಂದ, ಸೈಕಲ್‌ಗಳನ್ನು ಮೊದಲು ಬೀದರಿಗೆ ಒಯ್ದು ತೆಂಕಣಕ್ಕೆ ಇಳಿದು ಬಂದೆವು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಬಿಟ್ಟು ಕಪ್ಪು ಎರೆಹೊಲಗಳ ನಡುವೆ ಬರುವಾಗ ಆ ಗಾಳಿ ಬೆನ್ನಿಗೆ ಕೈ ಹಚ್ಚಿ ನೂಕಿದಂತಿತ್ತು. ನಸುಕಿನಲ್ಲೇ ಹೊರಡಬೇಕೆಂಬ ನನ್ನ ಇನ್ನೊಂದು ಯೋಜನೆ ಮಾತ್ರ ಮೊದಲ ಮುಂಜಾನೆಯೇ ಬಿದ್ದುಹೋಯಿತು: ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಒಂದು ಹಿಂದೆ ದೀಪವಿಲ್ಲದೆ ಹೊರಟಿತ್ತು, ನಮ್ಮ ಮುಂದಿನವನು ಅದಕ್ಕೆ ಗುದ್ದುವುದು ಗೇಣಿನಲ್ಲಿ ತಪ್ಪಿತು. ಆಮೇಲೆ ಬೆಳಕು ಹರಿಯದೆ ನಾವು ಹೊರಡಲಿಲ್ಲ.

ಆ ರಾತ್ರಿ ಕಲಬುರಗಿಯಲ್ಲೇ ವಸತಿಯಾದರೂ ಯಾರನ್ನೂ ಮನೆಗೆ ಬಿಡದೆ, ಗೆಳೆಯನೊಬ್ಬನ ತೊಗರಿಯ ಗೋದಾಮಿನಲ್ಲಿ ಮಲಗಿಸಿದೆ. ಮನೆಯ ಹಾಸಿಗೆ ಕಂಡವನು ಮರುದಿನ ಏಳುವುದಿಲ್ಲ.

ಪಂಕ್ಚರಿನ ಮಾತು ಬೇರೆ. ರಸ್ತೆಯ ಅಂಚಿಗೆಲ್ಲ ಬಳ್ಳಾರಿ ಜಾಲಿಯ ಮುಳ್ಳು ಇರುವ ನಮ್ಮ ಸೀಮೆಯಲ್ಲಿ ಮೊದಲ ಪ್ರವಾಸದಲ್ಲಿ ಹದಿನೇಳೋ ಹದಿನೆಂಟೋ ಪಂಕ್ಚರ್ ಆಗಿದ್ದವು. ಈ ಸಲ ಹಳೆಯ ಸ್ಕೂಟರ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ತೆಳುವಾಗಿ ಉಜ್ಜಿ, ಟೈರಿಗೂ ಟ್ಯೂಬಿಗೂ ನಡುವೆ ಹಾಸಿದೆವು. ಚಕ್ರ ತುಸು ಭಾರವಾಯಿತು, ನಿಜ, ಆದರೆ ಏಳು ಸೈಕಲ್ಲಿಗೆ ಸೇರಿ ಆದದ್ದು ಮೂರೇ ಪಂಕ್ಚರ್. ಅಂಚು ಉಜ್ಜದೆ ಹಾಸಿದರೆ ಆ ಪಟ್ಟಿಯೇ ಟ್ಯೂಬನ್ನು ಕೊರೆಯುತ್ತದೆ; ಹಾಗೆ ಎರಡು ಟ್ಯೂಬು ಕಳೆದುಕೊಂಡ ಮೇಲೆ ಕಲಿತದ್ದು. ಸೀಟಿನ ಗಾಯಕ್ಕೆ ನಾವು ಹಚ್ಚಿಕೊಂಡ ಮುಲಾಮು ನನ್ನದೇ ಮಿಶ್ರಣವಾಗಿದ್ದು, ಅದರ ಅಳತೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಊಟದಲ್ಲಿ ನನ್ನ ಹಟ ಸೋತಿತು. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಸಾಕೆಂದು ನಾನು ವಾದಿಸಿದ್ದೆ. ಆದರೆ ಒಣ ರೊಟ್ಟಿ ಗಂಟಲಲ್ಲಿ ನಿಂತು, ಕುಡಿಯುವ ನೀರನ್ನೆಲ್ಲ ತಾನೇ ಕುಡಿಯಿತು. ಕಾಕಾ ಏನೂ ಹೇಳದೆ ರೊಟ್ಟಿಯನ್ನು ಮುರಿದು, ಉಪ್ಪು ಬೆರೆಸಿದ ಮೊಸರಿನಲ್ಲಿ ಅರ್ಧ ಗಂಟೆ ನೆನೆಸಿ, ಮೇಲೆ ಹಿಂಡಿ ಉದುರಿಸಿ ಕೊಟ್ಟರು. ಶಹಾಪುರದಿಂದಾಚೆ ಬೇರೆ ಏನನ್ನೂ ಯಾರೂ ಕೇಳಲಿಲ್ಲ.

ಖರ್ಚು ನೆನಪಿನಿಂದ ಹೇಳುವುದಾದರೆ, ಆರು ದಿನದ ಗಾಡಿ ಬಾಡಿಗೆ ಹದಿಮೂರು ಸಾವಿರ, ಡೀಸೆಲ್ ನಾಲ್ಕು ಸಾವಿರ, ಕಾಕಾನ ಸಂಬಳ ನಾಲ್ಕು, ದಿನಸಿ ಆರೂವರೆ, ವಸತಿ ಮತ್ತು ಚಿಲ್ಲರೆ ಐದು. ತಲೆಗೆ 4,600ರ ಮೇಲೆ ಸ್ವಲ್ಪ ಬಿತ್ತು.

ಮಸ್ಕಿಗೆ ನಾವು ಮುಟ್ಟಿದಾಗ ಕತ್ತಲಾಗಿತ್ತು. 1915ರಲ್ಲಿ ಪತ್ತೆಯಾದ, ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ನೋಡುವ ನನ್ನ ಆಸೆ ಉಳಿದೇಹೋಯಿತು. ನಮಗಿಂತ ಮೂರು ಗಂಟೆ ಮೊದಲೇ ತಲುಪಿದ್ದ ಚಾಲಕ ಮಾತ್ರ ಅದನ್ನು ನೋಡಿ, ನಿದ್ದೆಯನ್ನೂ ಮುಗಿಸಿ, ನಮಗೆ ಅದರ ವರ್ಣನೆ ಮಾಡಿದ. ಮರುದಿನ ಸಿಂಧನೂರು, ಕಾರಟಗಿಗಳ ಭತ್ತದ ಗದ್ದೆಗಳನ್ನು ದಾಟಿ, ಮಧ್ಯಾಹ್ನ ಮೂರರ ಸುಮಾರಿಗೆ ಆನೆಗೊಂದಿಯಲ್ಲಿ ತುಂಗಭದ್ರೆಗೆ ಕಾಲು ಇಳಿಬಿಟ್ಟು ಕುಳಿತೆವು. ‘ಬಾಲ’ ಕೊನೆಯವನಾಗಿಯೇ ಬಂದ.

ಈ ವರ್ಷ ಊರಿನ ಇನ್ನೊಂದು ತಂಡ ಇದೇ ದಾರಿಯಲ್ಲಿ ಹೊರಟಿದೆ. ಅವರೂ ಅದೇ ಚಾಲಕನನ್ನು ಕೇಳಿದ್ದಾರೆ. ಗಾಡಿ ಮುಂದೆ ಹೋಗುವುದಾದರೆ ಮಾತ್ರ ಬರುತ್ತೇನೆ ಎಂದು ಷರತ್ತು ಹಾಕಿ, ಅವನು ದಿನದ ಬಾಡಿಗೆಯನ್ನು ಮುನ್ನೂರು ರೂಪಾಯಿ ಏರಿಸಿದ್ದಾನೆ.