ಬೈಬಲಿನ ಯೆಶಾಯ 44: ಮನೆಕೂಟದಲ್ಲಿ ಒಂದು ತಾಸಿನ ಪಾಠ ನಡೆಸುವುದು ಹೇಗೆ

ವಿಗ್ರಹಗಳ ಪಾಠ ಅಂದರೆ ಬಹಳ ಜನ ನೇರ ಕರ್ಮೆಲ್ ಬೆಟ್ಟಕ್ಕೇ ಹೋಗುತ್ತಾರೆ: ಬಾಳನೆಂಬ ದೇವತೆಯ 450 ಪ್ರವಾದಿಗಳು, ಇಸ್ರಾಯೇಲಿನ ಪ್ರವಾದಿ ಎಲೀಯನ ಅಣಕ, ಆಕಾಶದಿಂದ ಬೆಂಕಿ. ಅದನ್ನು ಮುಂದಿನ ವಾರಕ್ಕೆ ಇಡಿ. ಅಲ್ಲಿ ಬೆಂಕಿಯ ಅಬ್ಬರದಲ್ಲಿ ವಾದ ಹಿಂದೆ ಬೀಳುತ್ತದೆ. ವಾದ ಬೇಕಿದ್ದರೆ ಯೆಶಾಯ 44:9–20 ತೆಗೆಯಿರಿ.

ಹಿನ್ನೆಲೆಗೆ ಐದು ನಿಮಿಷ ಸಾಕು. ಈ ಮಾತು ಬಾಬೆಲಿನ (ಬ್ಯಾಬಿಲೋನಿನ) ಸೆರೆಯಲ್ಲಿದ್ದ ಯೆಹೂದ್ಯರನ್ನು ಉದ್ದೇಶಿಸಿದ್ದು. ಅದೇ ಅಧ್ಯಾಯದ ಕೊನೆಯಲ್ಲಿ ಬರುವ ಪರ್ಷಿಯದ ಅರಸ ಕೋರೆಷ ಕ್ರಿ.ಪೂ. 539ರಲ್ಲಿ ಆ ಪಟ್ಟಣ ಗೆದ್ದ.

ಮೊಳದುದ್ದದ ಬಳ್ಳಾರಿ ಜಾಲಿ ಕೊರಡೊಂದನ್ನು ಮುಳ್ಳು ಸವರಿ, ಎರಡು ಹೋಳು ಮಾಡಿಟ್ಟುಕೊಳ್ಳಿ. (ಮೂಲದಲ್ಲಿರುವುದು ದೇವದಾರು, ಓಕ್ ಥರದ ಮರಗಳು, ಅದನ್ನೂ ಹೇಳಿಬಿಡಿ.) 14ನೇ ವಚನಕ್ಕೆ ಎರಡೂ ಹೋಳು ಜೋಡಿಸಿ ಹಿಡಿಯಿರಿ. 15–16 ಓದುವಾಗ ಒಂದು ಹೋಳು ಒಲೆಯ ಪಕ್ಕಕ್ಕೆ ಹೋಗಲಿ: ಚಳಿ ಬಿಡಿಸಿತು, ರೊಟ್ಟಿ ಸುಟ್ಟಿತು, ಮಾಂಸ ಬೇಯಿಸಿತು. 17ಕ್ಕೆ ಉಳಿದ ಹೋಳನ್ನು ಎಲ್ಲರೆದುರು ನಿಲ್ಲಿಸಿ, "ನನ್ನನ್ನು ರಕ್ಷಿಸು" ಅನ್ನುವಲ್ಲಿ ಓದು ನಿಲ್ಲಿಸಿ. ಆಮೇಲೆ ನೀವು ಮಾತಾಡಬೇಡಿ. ಯಾವ ಹೋಳು ಏನು ಮಾಡಿತು ಅಂತ ಕೂತವರೇ ಹೇಳುತ್ತಾರೆ. 12ನೇ ವಚನದ ಕಮ್ಮಾರನನ್ನು ಮರೆಯಬೇಡಿ. ದೇವರನ್ನು ಮಾಡುವವನೇ ಹಸಿದು, ನೀರಿಲ್ಲದೆ ಬಳಲುತ್ತಾನೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕುಲುಮೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಠ ಹಳಿ ತಪ್ಪುವುದು ಯಾರಾದರೂ ಪಕ್ಕದ ಓಣಿಯ ಗುಡಿಯತ್ತ ಬೊಟ್ಟು ಮಾಡಿದಾಗ. ಪ್ರವಾದಿಗಳು ಬೈದದ್ದು ಹೆಚ್ಚಾಗಿ ತಮ್ಮ ಜನರನ್ನೇ. ತಕ್ಷಣ 2 ಅರಸುಗಳು 18:4 ಓದಿಸಿ: ಮೋಶೆ ಮಾಡಿದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದ್ದರಿಂದ ಯೆಹೂದದ ಅರಸ ಹಿಜ್ಕೀಯ ಅದನ್ನು ಚೂರುಚೂರು ಮಾಡಿದ. ಮಾತು ತಾನಾಗಿ ನಮ್ಮ ಅಂಗಳಕ್ಕೆ ಬರುತ್ತದೆ. ಅವಸರಕ್ಕೆ ಮಾರುವ, ಅಂಜಿಕೆಗೆ ಹೂಳುವ ದೈವಗಳ ಬಗ್ಗೆ ಬಸವಣ್ಣನವರು ಕೇಳಿದ್ದನ್ನು ಯಾರಾದರೂ ನೆನಪಿಸಿದರೆ ಒಳ್ಳೆಯದೇ. ಎರಡು ನಿಮಿಷ ಕೊಡಿ, ಇಪ್ಪತ್ತು ಬೇಡ.

ಕೀರ್ತನೆ 115:5–7ರಲ್ಲಿ ಬಾಯಿಯಿಂದ ಗಂಟಲಿನವರೆಗೆ ಏಳು ಅಂಗಗಳಿವೆ. ಏಳು ಜನರಿಗೆ ಹಂಚಿ. 135ನೇ ಕೀರ್ತನೆಯ ಪಟ್ಟಿ ಗಿಡ್ಡದು, ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪುತ್ತದೆ.

ಕೊನೆಯ ಹತ್ತು ನಿಮಿಷ ಯೆಶಾಯ 46:1–4ಕ್ಕೆ. ಬಾಬೆಲಿನ ದೇವತೆಗಳಾದ ಬೇಲ್, ನೆಬೋ ದಣಿದ ದನಗಳ ಬೆನ್ನ ಮೇಲೆ ಹೊರೆಯಾಗಿದ್ದಾರೆ. ಇಸ್ರಾಯೇಲಿನ ದೇವರೋ ತನ್ನ ಜನರನ್ನು ನರೆಗೂದಲು ಬರುವವರೆಗೂ ತಾನೇ ಹೊರುತ್ತೇನೆ ಅನ್ನುತ್ತಾನೆ. ಹೊತ್ತು ಸಾಲದಿದ್ದರೆ ಕೀರ್ತನೆಯನ್ನು ಕೈಬಿಡಿ, ಇದನ್ನಲ್ಲ.