ಹಳೇ ಮೆಡಲ್ ಅಸಲಿನಾ ನಕಲಿನಾ? ಮುಖ ಬಿಡಿ, ಅಂಚು ನೋಡಿ

ಚಿಕ್ಕಪೇಟೆ ಸಂಡೇ ಬಜಾರ್‌ನಲ್ಲಿ ಹಳೇ ಮೆಡಲ್ ಕೊಳ್ಳೋರನ್ನ ಎಷ್ಟೋ ಸಲ ನಿಂತು ನೋಡಿದೀನಿ. ಎಲ್ರೂ ಮಾಡೋದು ಒಂದೇ, ರಾಜನ ಮುಖ ನೋಡ್ತಾರೆ, ಮ್ಯಾಗ್ನೆಟ್ ಅಂಟಿಸ್ತಾರೆ, "ನಮ್ಮ ತಾತಂದು ಸಾರ್" ಅನ್ನೋ ಕಥೆ ಕೇಳ್ತಾರೆ, ದುಡ್ಡು ಎಣಿಸ್ತಾರೆ. ಮ್ಯಾಗ್ನೆಟ್ ಹಿಡಿಯೋದು ಕಬ್ಬಿಣನ, ಬೆಳ್ಳಿ ಥರ ಕಾಣೋ ಮಿಶ್ರಲೋಹ ಜರ್ಮನ್ ಸಿಲ್ವರ್‌ನಲ್ಲ. ಕಥೆ ಅಂತೂ ಫ್ರೀ.

ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ನೇ ತಗೊಳ್ಳಿ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಸವಾರ, 36 ಮಿಲಿಮೀಟರ್ ಅಗಲ, ಬೆಳ್ಳಿ (ಕೂಲಿ ದಳದೋರಿಗೆ ಕಂಚಿಂದೂ ಕೊಟ್ಟಿದ್ರು).

ಮೊದಲನೇದು, ತೊಳೀಬೇಡಿ. ಹುಣಸೆಹಣ್ಣು, ಪಾಲಿಷ್ ಪುಡಿ, ಟೂತ್‌ಪೇಸ್ಟ್, ಯಾವುದೂ ಬೇಡ. ಕಪ್ಪು ಕಲೆ ಹೋದ್ರೆ ಅರ್ಧ ಸಾಕ್ಷಿನೇ ಹೋಯ್ತು.

ಆಮೇಲೆ ತೂಕ. ರಿಬ್ಬನ್ ಬಿಚ್ಚಿ ತೂಗಿ. ತಕ್ಕಡಿ ಮೇಲೆ ನೀರಿನ ಬಟ್ಟಲಿಟ್ಟು ಸೊನ್ನೆ ಮಾಡ್ಕೊಂಡು, ಮೆಡಲ್‌ನ ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. 31 ಗ್ರಾಂ ಇದ್ದದ್ದು ನೀರಲ್ಲಿ 3 ಗ್ರಾಂ ತೋರಿಸಿದ್ರೆ ಬೆಳ್ಳಿ ಲೆಕ್ಕ ಸರಿ, ಮೂರೂವರೆ ತೋರಿಸಿದ್ರೆ ಜರ್ಮನ್ ಸಿಲ್ವರ್ ಅನ್ಕೊಳ್ಳಿ. ನಗರ್ತಪೇಟೆ ಚಿನ್ನ-ಬೆಳ್ಳಿ ಅಂಗಡಿಗೆ ಹೋಗಿ ಒರೆಗಲ್ಲಿಗೆ ಉಜ್ಜಿಸ್ಬೇಡಿ ದಯವಿಟ್ಟು, ಅಲ್ಲಿ ಉಜ್ಜೋದು ಅಂಚನ್ನೇ, ನಮಗೆ ಬೇಕಾಗಿರೋದೂ ಅದೇ.

ಈಗ ಅಂಚು, ಎಲ್ರೂ ಎಡವೋ ಜಾಗ. ಈ ಮೆಡಲ್‌ನ ಅಂಚಲ್ಲಿ ನಂಬರ್, ದರ್ಜೆ, ಹೆಸರು, ಪಡೆ ಅಷ್ಟೂ ಅಚ್ಚಿಂದ ಒತ್ತಿರ್ತಾರೆ, ಕೆತ್ತಿರಲ್ಲ. ಮೆಡಲ್ ಅಸಲಿ, ಹೆಸರು ಮಾತ್ರ ನಕಲಿ ಅನ್ನೋ ಮೋಸ ಇಲ್ಲೇ ಇರೋದು. ಯಾರೋ ಸಾಮಾನ್ಯ ಸಿಪಾಯಿ ಹೆಸರು ಅರದಿಂದ ಉಜ್ಜಿ, 1918ರ ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ (ಈಗಿನ ಇಸ್ರೇಲ್) ಕಾದಾಡಿದ ಮೈಸೂರು ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಅಂತ ಕೆತ್ತಿಸಿದ್ರೆ ರೇಟ್ ಎಲ್ಲಿಗೋ ಹೋಗುತ್ತೆ. ಉಜ್ಜಿದ್ ಮೇಲೆ ಲೋಹ ಕಮ್ಮಿ ಆಗ್ಲೇಬೇಕಲ್ವಾ? ಅದಕ್ಕೆ ವರ್ನಿಯರ್ ಕ್ಯಾಲಿಪರ್ ತಗೊಂಡು ನಾಲ್ಕು ದಿಕ್ಕಲ್ಲಿ ಅಳೀರಿ, ಒಂದು ದಿಕ್ಕಲ್ಲಿ 36, ಇನ್ನೊಂದರಲ್ಲಿ 35.5 ಬಂದ್ರೆ ಅನುಮಾನ ಪಡಿ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ಹಿಡ್ಕೊಂಡು ಟಾರ್ಚ್ ಬೆಳಕನ್ನ ಓರೆಯಾಗಿ ಬಿಡಿ. ಹಳೇ ಅಕ್ಷರದ ನೆರಳು ಕೆಲವು ಸಲ ಹೊಸ ಅಕ್ಷರದ ಅಡೀಲೇ ಇಣುಕುತ್ತೆ. ಅಕ್ಷರದ ಒಳಗೆ ಮಾತ್ರ ಹೊಸ ಮಿಂಚು, ಸುತ್ತ ಕಪ್ಪು ಅಂದ್ರೂ ಎದ್ದು ಬಂದ್ಬಿಡಿ.

ಪದಗಳನ್ನೂ ಓದಿ. ನಾನು ಒಂದು ಸಲ ತೂಕ, ಅಳತೆ ಎಲ್ಲ ಸರಿ ಇದೆ ಅಂತ ಖುಷಿಯಾಗಿ ತಂದು, ಮನೇಲಿ ನೋಡಿದ್ರೆ ಲ್ಯಾನ್ಸರ್ಸ್ ಪಕ್ಕ ಸಿಪಾಯಿ ಅಂತಿದೆ! ಕುದುರೆ ಪಡೇಲಿ ಅವನು ಸವಾರ, ಸಿಪಾಯಿ ಕಾಲಾಳು ಪಡೇಲಿ. ದುಡ್ಡು ವಾಪಸ್ ಕೇಳೋಕೆ ಮುಂದಿನ ಭಾನುವಾರ ಹೋದ್ರೆ ಅಲ್ಲಿ ಚಪ್ಪಲಿ ಮಾರ್ತಿದ್ರು. ಇನ್ನೊಂದು, ಕೆತ್ತಿರೋದೆಲ್ಲ ನಕಲಿ ಅಂತ ತಿಳ್ಕೋಬೇಡಿ, 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್‌ಗಳಲ್ಲಿ ಎಷ್ಟೋ ಇಂಗ್ಲಿಷ್ ಕೂಡಕ್ಷರದಲ್ಲಿ (ಅಕ್ಷರ ಒಂದಕ್ಕೊಂದು ಸೇರಿಸಿ ಬರೆಯೋ ಥರ) ಕೆತ್ತಿ ಕೊಟ್ಟಿರೋವೇ.

ರಿಬ್ಬನ್ ನೋಡಿ ತೀರ್ಮಾನ ಮಾಡ್ಬೇಡಿ, ಅದು ಬದಲಾಗುತ್ತೆ.

ಇನ್ನು "ಟಿಪ್ಪು ಮೆಡಲ್", 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದಿದ್ದಕ್ಕೆ ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ್ದು, ಹುಲಿ ಮೇಲೆ ಸಿಂಹ ಎರಗಿರೋದು. ಚಿನ್ನದಿಂದ ತವರದವರೆಗೂ ಇದೆ. ಇದರಲ್ಲಿ ಅಂಚು ಬಾಯಿ ಬಿಡಲ್ಲ, ಹೆಸರು ಹಾಕದೇ ಕೊಟ್ಟಿದ್ರು. ಇಂಗ್ಲೆಂಡಿನ ಸೋಹೋ ಟಂಕಸಾಲೇದು 48 ಮಿಲಿಮೀಟರ್, ಕಲ್ಕತ್ತಾದು 45ರ ಆಸುಪಾಸು. ಅಸಲೀದು ಒತ್ತಿರೋದು, ನಕಲೀದು ಸಾಮಾನ್ಯವಾಗಿ ಎರಕ, ಹುಲಿ ಮೈ ಪಟ್ಟೆ ಮೊಂಡಾಗಿರುತ್ತೆ, ಲೂಪ್‌ನಲ್ಲಿ ಸೂಜಿ ಮೊನೆಯಷ್ಟು ಗುಳ್ಳೆ ತೂತು ಕಾಣುತ್ತೆ, ಎರಕ ತಣ್ಣಗಾದಾಗ ಕುಗ್ಗೋದ್ರಿಂದ ಅಗಲನೂ ಸ್ವಲ್ಪ ಕಮ್ಮಿ ಬರುತ್ತೆ.

ಅಸಲಿ ಅಂತ ಗೊತ್ತಾದ್ ಮೇಲೆ ಅಮೆರಿಕಾದಲ್ಲಿರೋ ಅಳಿಯಂದ್ರ ಸೂಟ್‌ಕೇಸ್‌ಗೆ ಹಾಕಿ ಕಳಿಸೋ ಐಡಿಯಾ ಇದ್ರೆ ಬಿಟ್ಬಿಡಿ, ನೂರು ವರ್ಷ ದಾಟಿದ್ರೆ 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ಅದು ದೇಶ ಬಿಟ್ಟು ಹೋಗೋ ಹಾಗಿಲ್ಲ.