ಬೆಣ್ಣೆ, ಬೇಕಿಂಗ್ ಪೌಡರ್ ಇಲ್ಲದ ಪ್ರಾತೋ ಬಾದಾಮಿ ಬಿಸ್ಕತ್ತು

ಇಟಲಿಯ ಫ್ಲಾರೆನ್ಸ್ ಪಕ್ಕದ ಪ್ರಾತೋ ಊರಿನಲ್ಲಿ ಆಂತೋನಿಯೋ ಮತ್ತೇಯಿ 1858ರಲ್ಲಿ ತೆರೆದ ಬೇಕರಿ ಇಂದಿಗೂ ನಡೆಯುತ್ತಿದೆ. ಈಗ ಅದು ಪಂಡೋಲ್ಫೀನಿ ಕುಟುಂಬದ ಕೈಯಲ್ಲಿದೆ. ಅಲ್ಲಿನ ಬಿಸ್ಕತ್ತಿಗೆ ಮೈದಾ, ಸಕ್ಕರೆ, ಮೊಟ್ಟೆ, ಬಾದಾಮಿ, ಪೈನ್ ಬೀಜ ಇಷ್ಟಿದ್ದರೆ ಸಾಕು. ಬೆಣ್ಣೆ ಹಾಕಿದರೆ ಮೆದುವಾಗುತ್ತದೆ ನಿಜ, ಆದರೆ ಅದ್ದಿದ ಕೂಡಲೇ ಪುಡಿಯಾಗಿ ಲೋಟದ ತಳ ಸೇರುತ್ತದೆ. ಅಲ್ಲಿಯವರು ಇದನ್ನು ವಿನ್ ಸಾಂತೋ ಎಂಬ ಸಿಹಿ ವೈನಿಗೆ ಅದ್ದಿಯೇ ತಿನ್ನುವುದು. ಹಾಗಾಗಿ ಗಟ್ಟಿಯಾಗಿರಲೇಬೇಕು.

ಮನೆಯ ಓವನ್ನಿಗೆ ಹೊಂದುವ ಅಳತೆ ಇದು: ಮೈದಾ 250 ಗ್ರಾಂ, ಸಕ್ಕರೆ 180 ಗ್ರಾಂ, ಮೊಟ್ಟೆ 2, ಜೊತೆಗೆ ಇನ್ನೊಂದು ಮೊಟ್ಟೆಯ ಹಳದಿ ಭಾಗ ಮಾತ್ರ, ಸಿಪ್ಪೆಸಹಿತ ಇಡೀ ಬಾದಾಮಿ 125 ಗ್ರಾಂ, ಪೈನ್ ಬೀಜ 25 ಗ್ರಾಂ, ಚಿಟಿಕೆ ಉಪ್ಪು. ಬಾದಾಮಿಯನ್ನು ನೆನೆಸಬೇಡಿ, ಮೊದಲೇ ಹುರಿಯುವುದೂ ಬೇಡ. ಸಕ್ಕರೆ ಕಡಿಮೆ ಮಾಡುವ ಆಸೆ ಬೇಡ, ಗರಿಗರಿ ಬರುವುದೇ ಅದರಿಂದ.

ಮೊಟ್ಟೆ, ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ಕಡೆಯಿರಿ. ಉಬ್ಬಿಸಲು ಬೇರೇನೂ ಇಲ್ಲದ್ದರಿಂದ ಈಗ ಸೇರುವ ಗಾಳಿಯೇ ಆಧಾರ. ಮೈದಾ, ಉಪ್ಪು ಹಾಕಿ ಕಲಸಿ, ಕೊನೆಗೆ ಬೀಜಗಳನ್ನು ಸೇರಿಸಿ. ಹಿಟ್ಟು ಕೈಗೆ ಸ್ವಲ್ಪ ಅಂಟಬೇಕು. ಅದಕ್ಕೆ ಹೆದರಿ ಮೈದಾ ಸುರಿದರೆ ಬಿಸ್ಕತ್ತು ಕಲ್ಲಾಗುತ್ತದೆ. ಕೈ ಒದ್ದೆ ಮಾಡಿಕೊಂಡರೆ ಸಾಕು. ತೀರಾ ಸಡಿಲವೆನಿಸಿದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

3 ಸೆಂ.ಮೀ. ದಪ್ಪದ ಮೂರು ಉದ್ದ ಉರುಳೆ ಮಾಡಿ, ಬೇಕಿಂಗ್ ಪೇಪರಿನ ಮೇಲೆ 6 ಸೆಂ.ಮೀ. ಅಂತರ ಬಿಟ್ಟಿಡಿ. ಬೇಯುವಾಗ ಅಗಲವಾಗುತ್ತವೆ. ಉಳಿದ ಮೊಟ್ಟೆಯ ಬಿಳಿಯನ್ನು ಮೇಲೆ ತೆಳ್ಳಗೆ ಸವರಿ, 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿರಬೇಕು, ಒತ್ತಿದರೆ ಒಳಗೆ ತುಸು ಮೆದುವಿರಬೇಕು.

ಹೆಚ್ಚಿನವರದು ಕೆಡುವುದು ಕತ್ತರಿಸುವಾಗ. ಪೂರ್ತಿ ತಣಿದ ಉರುಳೆಯಲ್ಲಿ ಬಾದಾಮಿ ಸಿಡಿದು ಹೋಳು ಮುರಿಯುತ್ತದೆ. ಓವನ್ನಿನಿಂದ ತೆಗೆದ ತಕ್ಷಣ ಕತ್ತರಿಸಿದರೆ ಅಂಚು ಜಜ್ಜಿಹೋಗುತ್ತದೆ. ಐದಾರು ನಿಮಿಷ ಬಿಟ್ಟು, ಭಾರದ ಹರಿತ ಚಾಕುವನ್ನು ಓರೆಯಾಗಿಟ್ಟು ಒಂದೇ ಒತ್ತಿಗೆ ಇಳಿಸಿ. ಹಿಂದೆ ಮುಂದೆ ಕೊಯ್ದರೆ ಬಾದಾಮಿ ಕಿತ್ತುಬರುತ್ತದೆ. ದಪ್ಪ 1.5 ಸೆಂ.ಮೀ. ಇರಲಿ.

ಹೋಳುಗಳನ್ನು ಮಲಗಿಸಿ, 150 ಡಿಗ್ರಿಯಲ್ಲಿ ಒಂದೊಂದು ಬದಿ 8ರಿಂದ 10 ನಿಮಿಷ ಒಣಗಿಸಿ. ಬಿಸಿಯಲ್ಲಿ ನಡುಭಾಗ ಮೆತ್ತಗೇ ಇರುತ್ತದೆ, ತಣಿದ ಮೇಲೆ ಗಟ್ಟಿಯಾಗುತ್ತದೆ. ಆರಿದ ನಂತರವೇ ಡಬ್ಬಿಗೆ ತುಂಬಿ. ಕರಾವಳಿಯ ಮಳೆಗಾಲದಲ್ಲಿ ಮೆತ್ತಗಾದರೆ 140 ಡಿಗ್ರಿಯಲ್ಲಿ 8 ನಿಮಿಷ ಇಟ್ಟು ತೆಗೆಯಿರಿ.